ಬಲೆಯ ಕಣ್ಣು ಕಟ್ಟಿದರೆ ಮೀನಿಗೆ ಉಸಿರು ಕಟ್ಟುತ್ತದೆ

ಟರ್ಕಿಯ ಏಜಿಯನ್ ಕರಾವಳಿಯಲ್ಲಿ 1980ರ ದಶಕದ ಮಧ್ಯದಲ್ಲಿ ಪಂಜರ ಮೀನುಕೃಷಿ ಶುರುವಾದದ್ದು ಗಾಳಿ ತಾಗದ ಕೊಲ್ಲಿಗಳೊಳಗೆ, ಮರದ ಚೌಕಟ್ಟಿನ ಸಣ್ಣ ಪಂಜರಗಳಲ್ಲಿ. ಅದೇ ಕೊಲ್ಲಿಗಳು ಪ್ರವಾಸಿಗರಿಗೂ ಬೇಕಾದಾಗ ಜಗಳ ಬೆಳೆಯಿತು. 2007ರ ನಿಯಮ ಬಂತು: ದಡದಿಂದ ಕನಿಷ್ಠ 0.6 ನಾಟಿಕಲ್ ಮೈಲು ದೂರ, 30 ಮೀಟರ್ ಆಳ, ಸೆಕೆಂಡಿಗೆ 10 ಸೆಂಟಿಮೀಟರ್‌ಗಿಂತ ಹೆಚ್ಚು ನೀರೋಟ. ಅದೇ ಕರಾವಳಿಯ ಮುಗ್ಲಾ, ಇಜ್ಮಿರ್ ಕಡೆ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಪೈಪಿನ ದುಂಡು ಪಂಜರಗಳು ಹೆಚ್ಚಿದವು.

20 ಮೀಟರ್ ವ್ಯಾಸ, 10 ಮೀಟರ್ ಆಳದ ಪಂಜರ ಎಂದರೆ ಸುಮಾರು 3,140 ಘನ ಮೀಟರ್ ನೀರು. ಘನ ಮೀಟರಿಗೆ 12 ಕಿಲೋ ಹಿಡಿದರೆ ಸುಮಾರು 38 ಟನ್ ಮೀನು. ತೂಕದ ಶೇಕಡ 1ರಷ್ಟು ಮೇವು ಹಾಕಿದರೂ ದಿನಕ್ಕೆ ಸುಮಾರು 380 ಕಿಲೋ ಬೇಕು. ಇಷ್ಟು ಮೀನು ಉಸಿರಾಡುವುದು ಬಲೆಯ ಕಣ್ಣಿನಿಂದ ನುಗ್ಗುವ ನೀರಿನ ಮೇಲೆ.

ಬೇಸಿಗೆಯಲ್ಲಿ ಪಾಚಿ, ಪಚ್ಚಿಲೆ ಎಂಬ ಚಿಪ್ಪುಜೀವಿಯ ಮರಿ ಬಲೆಗೆ ಬೇಗ ಅಂಟುತ್ತವೆ. ಮೀನಿನ ಮರಿಗಳಿಗೆ ಹಾಕುವ ಸಣ್ಣ ಕಣ್ಣಿನ ಬಲೆ ಎಲ್ಲಕ್ಕಿಂತ ಮೊದಲು ಮುಚ್ಚುತ್ತದೆ. ಅದೇ ಹೊತ್ತಿಗೆ ನೀರಿನ ಆಮ್ಲಜನಕವೂ ಇಳಿದಿರುತ್ತದೆ: ಈ ಉಪ್ಪುನೀರು 15 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಹಿಡಿದಿಟ್ಟರೆ, 26 ಡಿಗ್ರಿಯಲ್ಲಿ ಸುಮಾರು 6.5 ಮಾತ್ರ. 'ಹೊರಗೆ ನೀರೋಟ ಚೆನ್ನಾಗಿದೆಯಲ್ಲ' ಎಂಬ ಸಮಾಧಾನ ಇಲ್ಲಿ ಕೈಕೊಡುತ್ತದೆ. ಕಣ್ಣು ಕಟ್ಟಿದ ಬಲೆಯನ್ನು ಅದೇ ನೀರೋಟ ಹಾಯಿಯಂತೆ ಉಬ್ಬಿಸಿ ಮೇಲೆತ್ತುತ್ತದೆ. ಒಳಗಿನ ಜಾಗ ಕುಗ್ಗಿ ಮೀನು ಒತ್ತೊತ್ತಾಗುತ್ತದೆ. ಬಲೆಯನ್ನು ಕೆಳಗೆ ಎಳೆದು ಹಿಡಿಯುವ ಅಡಿಯ ಭಾರದ ಉಂಗುರ ಸಡಿಲವಾಗಿದ್ದರೆ ಇನ್ನೂ ಕಷ್ಟ.

ಆದ್ದರಿಂದ ಆಮ್ಲಜನಕ ಅಳೆಯಬೇಕಾದ್ದು ಬೆಳಕು ಹರಿಯುವ ಮೊದಲು, ಪಂಜರದ ಒಳಗೆ, ನೀರು ಹೊರಹೋಗುವ ಬದಿಯಲ್ಲಿ. ದೋಣಿಯ ಪಕ್ಕದ ಅಂಕಿ ಪ್ರಯೋಜನಕ್ಕಿಲ್ಲ. ಲೀಟರಿಗೆ 5 ಮಿಲಿಗ್ರಾಂಗಿಂತ ಕೆಳಗಿದ್ದರೆ ಆ ಹೊತ್ತಿನ ಮೇವು ನಿಲ್ಲಿಸುವುದೇ ಲೇಸು. ತಿಂದ ಮೀನು ಅರಗಿಸಲು ಇನ್ನಷ್ಟು ಆಮ್ಲಜನಕ ಕೇಳುತ್ತದೆ.

ಇಲ್ಲಿ ಸಾಕುವ ಲೆವ್ರೆಕ್ (ಸೀ ಬಾಸ್) ಮತ್ತು ಚಿಪುರಾ (ಸೀ ಬ್ರೀಮ್) ಮೀನು, ಎರಡಕ್ಕೂ ಮೇವಿನ ಒಂದೇ ವೇಳಾಪಟ್ಟಿ ಹಾಕುವುದು ಇನ್ನೊಂದು ತಪ್ಪು. ಲೆವ್ರೆಕ್ ಗಬಗಬನೆ ತಿನ್ನುತ್ತದೆ. ಚಿಪುರಾ ಮೇವಿನ ಕಾಳನ್ನು ಅಗಿದು ತಿನ್ನುವ ಜಾತಿ, ನಿಧಾನವಾಗಿ ಚೆಲ್ಲಬೇಕು. ಸಾಲದ್ದಕ್ಕೆ ಅದು ಬಲೆಯನ್ನೂ ಕಚ್ಚುತ್ತದೆ! ಸಡಿಲ ದಾರ, ಪಚ್ಚಿಲೆ ಅಂಟಿದ ಜಾಗ ಅದಕ್ಕೆ ಇಷ್ಟ. ಅದರ ಕಿವಿರಿಗೆ ಅಂಟಿ ರಕ್ತ ಹೀರುವ ಸ್ಪಾರಿಕೊಟೈಲ್ ಎಂಬ ಪರೋಪಜೀವಿಯ ಮೊಟ್ಟೆಗಳು ಎಳೆ ಚಾಚಿ ಬಲೆಗೇ ಸುತ್ತಿಕೊಳ್ಳುತ್ತವೆ. ಮೀನಿಗೆ ಮದ್ದು ಕೊಟ್ಟು ಬಲೆ ಹಳೆಯದೇ ಉಳಿಸಿದರೆ ಮತ್ತೆ ಅದೇ ಕಾಟ.

ಬಲೆ ಬದಲಿಸುವಾಗ ಹೊಸದನ್ನು ಹಳೆಯದರ ಹೊರಗೆ ಪೂರ್ತಿ ಕಟ್ಟಿ, ಮುಳುಗುಗಾರರು ಸುತ್ತ ನೋಡಿದ ಮೇಲೆಯೇ ಹಳೆಯದನ್ನು ಎಳೆಯಬೇಕು. ತಳದ ಸತ್ತ ಮೀನು ಎತ್ತುವುದೂ ಆಗಲೇ; ಬಿಟ್ಟರೆ ಅದರ ವಾಸನೆಗೆ ಬಂದ ದೊಡ್ಡ ಮೀನು ಹೊರಗಿನಿಂದ ಬಲೆ ಹರಿಯುತ್ತದೆ.