ಹಳೇ ದಮ್ಮಿಲ್ಲ, ಅಲ್ವಾ?

ರಾಕ್‌ಗೆ ನಮ್ಮ ದೇಶದ ಸಂಗೀತ ಬೆರೆಸೋ ದಿಲ್ಲಿಯ ಇಂಡಿಯನ್ ಓಶನ್ ಬ್ಯಾಂಡಿನ ‘ತು ಹೈ’ ಆಲ್ಬಮ್ ಬಂದಿದ್ದು 2023ರಲ್ಲಿ. ಅವತ್ತಿಂದ ಮದುವೆ, ಮುಂಜಿ, ಗೃಹಪ್ರವೇಶ, ಆಫೀಸಿನ ಕಾಫಿ ಮಷೀನಿನ ಮುಂದೆ, ಎಲ್ಲಿ ಸಿಕ್ಕರೂ ನನಗೆ ಒಂದೇ ಪ್ರಶ್ನೆ. ‘ಹೇಗಿದೆ?’ ಅಂತ ಕೇಳಿದ್ದರೆ ಬೇಜಾರಿರಲಿಲ್ಲ. ಯಾರೂ ಹಾಗೆ ಕೇಳಲ್ಲ. ‘ಹಳೇ ದಮ್ಮಿಲ್ಲ, ಅಲ್ವಾ?’ ಅಂತಾರೆ. ಉತ್ತರ ಅವರೇ ಬರೆದು ತಂದಿರ್ತಾರೆ, ನಾನು ಸೀಲು ಒತ್ತಬೇಕು ಅಷ್ಟೆ.

ತಪ್ಪು ನನ್ನದೂ ಇದೆ. ಇಪ್ಪತ್ತು ವರ್ಷ ಈ ಬ್ಯಾಂಡಿನ ಹೆಸರು ಹೇಳಿ ಹೇಳಿ ಎಲ್ಲರ ತಲೆ ತಿಂದಿದ್ದೀನಿ. ಸಿಡಿ ಕಾಪಿ ಮಾಡಿ ಹಂಚಿದ್ದೀನಿ. ಅಕ್ಕನ ಮದುವೆಯಲ್ಲಿ ಅಡುಗೆ ಭಟ್ಟರಿಗೂ ಕೇಳಿಸಿದ್ದೀನಿ. ಹಾಗಾಗಿ ಬ್ಯಾಂಡು ಈಗ ಏನು ಮಾಡಿದರೂ ಜವಾಬು ನನ್ನ ಹತ್ತಿರ ಕೇಳ್ತಾರೆ, ಮಗ ಫೇಲಾದರೆ ತಾಯಿಯನ್ನ ಕೇಳೋ ಹಾಗೆ.

ಸರಿ, ಉತ್ತರ: ಆಲ್ಬಮ್ ಚೆನ್ನಾಗಿದೆ. ನನಗೆ ಅದರ ಮೇಲೆ ಸಿಟ್ಟೂ ಇದೆ. ಇಷ್ಟು ಸಾಕಾದವರು ಹೊರಡಬಹುದು.

ಮಿಕ್ಕವರಿಗೆ ನಮ್ಮ ಭಾವನ ಕಥೆ ಹೇಳ್ತೀನಿ. ದೊಡ್ಡಮ್ಮನ ಮೊಮ್ಮಗಳ ಸೀಮಂತಕ್ಕೆ ಬೆಂಗಳೂರಿಂದ ಹೊಳೆನರಸೀಪುರಕ್ಕೆ ಅವರ ಕಾರಲ್ಲೇ ಹೊರಟಿದ್ದು. ನೆಲಮಂಗಲ ದಾಟಿದ ಮೇಲೆ ‘ತು ಹೈ’ ಹಾಕಿದೆ. ಭಾವ ಮಾತಾಡಿದರು. ಫಾಸ್ಟ್ಯಾಗಲ್ಲಿ ದುಡ್ಡು ಎರಡು ಸಲ ಕಟ್ಟಾಗಿದ್ದು, ತುಮಕೂರು ರೋಡಿನ ಸೈಟು ಆಗಲೇ ತಗೋಬೇಕಿತ್ತು ಅನ್ನೋದು, ಮಗನ ಕೋಚಿಂಗ್ ಫೀಸು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗೋ ಆ ಎರಡು ಸೆಕೆಂಡು ಮಾತ್ರ ಸುಮ್ಮನಿರ್ತಿದ್ದರು, ಉಸಿರು ತಗೊಳ್ಳೋಕೆ. ಯಡಿಯೂರಲ್ಲಿ ಕಾಫಿಗೆ ನಿಲ್ಲಿಸಿದಾಗ ತೀರ್ಪು ಬಂತು.

‘ಏನೋಮ್ಮ, ಹಳೇ ದಮ್ಮಿಲ್ಲ, ಅಲ್ವಾ?’

‘ಯಾವ ಹಾಡಲ್ಲಿ ಭಾವ?’

‘ಒಟ್ಟಾರೆ.’

ಒಟ್ಟಾರೆ ಅಂತೆ! ಇವರಿಗೆ ಗೊತ್ತಿರೋ ಹಳೇದು ಅಂದರೆ ಒಂದೇ ಹಾಡು, ‘ಕಂದೀಸಾ’. ಅದನ್ನೂ ಬಹಳ ವರ್ಷ ‘ಆ ಕಂದಸ್ವಾಮಿ ಹಾಡು ಹಾಕೇ’ ಅಂತಿದ್ದರು.

ಹಿಂದಿನ ಸೀಟಲ್ಲಿದ್ದ ಅಜ್ಜಿ ತನ್ನ ಪಾಲಿಂದೂ ಸೇರಿಸಿದರು. ‘ದಿಲ್ಲಿಯವರ ಹಿಂದಿ ಹಾಡು ನಮಗ್ಯಾಕೇ?’ ಇದಕ್ಕೆ ಮಾತ್ರ ನನ್ನ ಹತ್ತಿರ ರೆಡಿ ಉತ್ತರ ಇದೆ. ಬೇಸ್ ಗಿಟಾರ್ ನುಡಿಸಿ ಹಾಡೋ ರಾಹುಲ್ ರಾಮ್ ಇದಾರಲ್ಲ, ಅವರ ತಂದೆ ಸಸ್ಯವಿಜ್ಞಾನಿ ಎಚ್. ವೈ. ಮೋಹನ್ ರಾಮ್. ದೊಡ್ಡಪ್ಪ ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ ಎಚ್. ವೈ. ಶಾರದಾ ಪ್ರಸಾದ್. ತಾತ ವಾಗ್ಗೇಯಕಾರ ಯೋಗಾನರಸಿಂಹಂ. ಆ ‘ಎಚ್’ ಅಂದರೆ ಹೊಳೆನರಸೀಪುರ ಅಜ್ಜಿ, ನಾವೀಗ ಹೋಗ್ತಿರೋ ಊರು. ಅಜ್ಜಿ ಸೆರಗು ಸರಿ ಮಾಡಿಕೊಂಡು, ‘ಮೊದಲೇ ಹೇಳಬಾರದಾ? ಸ್ವಲ್ಪ ಜೋರಾಗಿ ಇಡು’ ಅಂದರು. ಸಂಗೀತ ವಿಮರ್ಶೆ ನಮ್ಮ ಮನೇಲಿ ನಡೆಯೋದು ಹೀಗೆ.

ದಮ್ಮಿನ ವಿಷಯಕ್ಕೆ ಬರೋಣ. ಜನ ದಮ್ಮು ಅಂತ ಯಾವುದನ್ನ ಹುಡುಕ್ತಿದಾರೆ ಅನ್ನೋದು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲದಿದ್ದರೂ. 2000ದಲ್ಲಿ ಬಂದ ‘ಕಂದೀಸಾ’ ಆಲ್ಬಮ್ಮಲ್ಲಿ ಇದ್ದವರು ನಾಲ್ಕೇ ಜನ. 1990ರಲ್ಲಿ ಬ್ಯಾಂಡು ಕಟ್ಟಿದ ಸುಸ್ಮಿತ್ ಸೇನ್ ಮತ್ತು ಅಶೀಮ್ ಚಕ್ರವರ್ತಿ, ಆಮೇಲೆ ಸೇರಿದ ರಾಹುಲ್ ರಾಮ್ ಮತ್ತು ಅಮಿತ್ ಕಿಲಂ. ಅಶೀಮ್ ಚಕ್ಕಳಮಕ್ಕಳ ಹಾಕಿ ಕೂತು ತಬಲಾ ಬಾರಿಸ್ತಾ ಅದೇ ಉಸಿರಲ್ಲಿ ಹಾಡ್ತಿದ್ದರು. ಕೈ ಒಂದು ಲೆಕ್ಕ ಹಿಡಿದಿದ್ದರೆ ಗಂಟಲು ಅದರ ಪಕ್ಕದಲ್ಲೇ ಇನ್ನೊಂದು ದಾರೀಲಿ ಹೋಗ್ತಿತ್ತು. 2009ರ ಡಿಸೆಂಬರ್ 25ಕ್ಕೆ ಅವರು ತೀರಿಕೊಂಡರು. ಆ ಜಾಗ ತುಂಬೋಕೆ ಇಬ್ಬರು ಬೇಕಾಯಿತು. ಹಾಡೋಕೆ ಹಿಮಾಂಶು ಜೋಶಿ, ತಬಲಾಕ್ಕೆ ತುಹೀನ್ ಚಕ್ರವರ್ತಿ. 2013ರಲ್ಲಿ ಸುಸ್ಮಿತ್ ಹೊರಟರು. ಅವರ ಜೊತೆಗೆ, ಸಿತಾರಿನ ಹಾಗೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋ ಮೀಂಡು ಎಳೀತಿದ್ದ ಆ ಅಕೂಸ್ಟಿಕ್ ಗಿಟಾರೂ ಹೋಯಿತು. ನಿಖಿಲ್ ರಾವ್ ಬಂದರು, ಕೈಯಲ್ಲಿ ಎಲೆಕ್ಟ್ರಿಕ್.

ನನ್ನ ಸಿಟ್ಟು ಇಲ್ಲಿದೆ. ಹಳೇ ಆಲ್ಬಮ್ಮಲ್ಲಿ ವಾದ್ಯಗಳು ಒಂದರ ಮೇಲೊಂದು ಬೀಳ್ತಿದ್ದವು, ಹಬ್ಬದ ದಿನದ ಅಡುಗೆಮನೆ ಹಾಗೆ. ‘ತು ಹೈ’ನಲ್ಲಿ ಪ್ರತಿ ಸದ್ದೂ ತೊಳೆದು ಒರೆಸಿ ಸ್ಟ್ಯಾಂಡಲ್ಲಿ ಬೋರಲು ಹಾಕಿದ ಪಾತ್ರೆ. ಚೊಕ್ಕಟ. ಅಷ್ಟು ಚೊಕ್ಕಟ ಕಂಡರೆ ನನಗೆ ಕೈಕಾಲು ಆಡಲ್ಲ. ಎಲೆಕ್ಟ್ರಿಕ್ ಗಿಟಾರ್ ಮೇಲೆ ಹೋದಾಗಲೆಲ್ಲ ನನ್ನ ಕಿವಿ ಕೆಳಗೆ ತಡಕಾಡತ್ತೆ, ಅಲ್ಲಿ ಮರದ ಸದ್ದು ಇರಬೇಕಿತ್ತಲ್ಲ ಅಂತ. ಜೊತೆಗೆ 2014ರ ‘ತಂದಾನು’ ಆಲ್ಬಮ್ ಆದಮೇಲೆ ಒಂಬತ್ತು ವರ್ಷ ಕಾಯಿಸಿದರು. ಒಂಬತ್ತು ವರ್ಷ ಹಸಿದವರ ಎಲೆಗೆ ಏನು ಬಡಿಸಿದರೂ ಉಪ್ಪು ಕಮ್ಮೀನೇ.

ಆದರೆ ಇದೆಲ್ಲ ಹೇಳೋ ಹಕ್ಕು ನನಗಿದೆಯಾ ಅನ್ನೋ ಅನುಮಾನವೂ ಇದೆ, ಅದಕ್ಕೆ ಕಾರಣ ಒಂದು ಕ್ಯಾಸೆಟ್ಟು. 2001, ಮೈಸೂರಿನ ಹಾಸ್ಟೆಲ್ಲು. ‘ಕಂದೀಸಾ’ ಅದೇ ಹೆಸರಿನ ಆಲ್ಬಮ್ಮಿನ ಕೊನೇ ಹಾಡು, ಕ್ಯಾಸೆಟ್ಟಿನ ಎರಡನೇ ಬದಿಯ ತುದಿ. ನಮ್ಮ ಟೇಪ್ ರೆಕಾರ್ಡರಿಗೆ ತುದಿ ಬರೋ ಹೊತ್ತಿಗೆ ಸುಸ್ತಾಗ್ತಿತ್ತು. ಹಾಡು ಏರೋ ಜಾಗದಲ್ಲೇ ಸ್ವರ ಒಂದಿಷ್ಟು ಜಗ್ಗಿ, ಕೆಳಗಿಳಿದು, ಮತ್ತೆ ಎದ್ದು ಬರ್ತಿತ್ತು. ಎರಡು ವರ್ಷ ಅದನ್ನೇ ಗಮಕ, ಅಂದರೆ ಬೇಕಂತಲೇ ಸ್ವರ ಅಲುಗಾಡಿಸೋದು, ಅಂದ್ಕೊಂಡಿದ್ದೆ. ಸಂಗೀತ ಕಲೀತಿದ್ದ ಜೂನಿಯರ್ ಹುಡುಗಿಗೆ ‘ಎಂಥ ಗಮಕ ನೋಡು’ ಅಂತ ತೋರಿಸಿಯೂ ಇದ್ದೆ, ಅವಳೂ ತಲೆ ಆಡಿಸಿದಳು. ಮೊದಲ ಸಲ ಸಿಡಿಯಲ್ಲಿ ಕೇಳಿದಾಗ ಆ ಜಾಗ ಸಪಾಟಾಗಿ ದಾಟಿಹೋಯಿತು. ನನಗನಿಸಿದ್ದು, ದೇವರಾಣೆ, ‘ಹಳೇ ದಮ್ಮಿಲ್ಲ’.

ಮಾತು ಆ ಹಾಸ್ಟೆಲ್ಲಿಗೆ ಬಂತಲ್ಲ, ಇದನ್ನೂ ಹೇಳಿಬಿಡ್ತೀನಿ. ಆ ಹಾಡಿನ ಭಾಷೆ ಯಾವುದು ಅಂತ ನಮ್ಮ ರೂಮಲ್ಲಿ ದೊಡ್ಡ ಜಗಳ. ಅದು ಭಾಷೆಯೇ ಅಲ್ಲ, ದಿಲ್ಲಿ ಹುಡುಗರು ಬಾಯಿಗೆ ಬಂದಿದ್ದು ಹಾಡಿದಾರೆ ಅಂತ ನನ್ನ ವಾದ. ಕೇರಳದಿಂದ ಬಂದಿದ್ದ ರೂಮ್‌ಮೇಟು ಬಟ್ಟೆ ಮಡಿಸ್ತಾ ತಣ್ಣಗೆ, ‘ಇದು ನಮ್ಮ ಚರ್ಚಿನ ಪ್ರಾರ್ಥನೆ’ ಅಂದಳು. ಸಿರಿಯನ್ ಕ್ರೈಸ್ತರು ಸಿರಿಯಾಕ್ ಅನ್ನೋ ಹಳೇ ಭಾಷೇಲಿ ಹೇಳೋ ಪ್ರಾರ್ಥನೆ ಅದು. ಕಂದೀಸಾ ಅಂದರೆ ಪವಿತ್ರ. ಅವಳ ಅಜ್ಜಿಗೂ ಬರ್ತಿತ್ತಂತೆ. ಅವಳಿಗೆ ಮಾತ್ರ ಬ್ಯಾಂಡಿನ ಹಾಡು ಅಷ್ಟೇನೂ ಹಿಡಿಸಿರಲಿಲ್ಲ. ‘ಚರ್ಚಲ್ಲಿ ಹೇಳಿದ ಹಾಗಿಲ್ಲ’ ಅಂತಿದ್ದಳು. ಅವಳ ಹಳೇದು ನನ್ನ ಹಳೇದಕ್ಕಿಂತ ಹಳೇದು. ಆಗ ನಾನು ಅವಳಿಗೆ ‘ಅದನ್ನೇ ಹಿಡ್ಕೊಂಡು ಕೂರಬೇಡ’ ಅಂತ ಅರ್ಧ ಗಂಟೆ ಭಾಷಣ ಬಿಗಿದಿದ್ದೆ. ಅವಳು ಈಗ ಸಿಕ್ಕರೆ ಮುಖ ತೋರಿಸೋದು ಕಷ್ಟ.

ಇನ್ನೂ ಒಂದಿದೆ, ಇದನ್ನ ಮನೇಲಿ ಹೇಳಿಲ್ಲ. ಅಶೀಮ್ ಹೋದ ಕೆಲವು ವರ್ಷಗಳ ಮೇಲೆ ಬೆಂಗಳೂರಲ್ಲಿ ಇವರದೊಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ಹಿಮಾಂಶು ಜೋಶಿ ಹೊಸ ಹಾಡೊಂದನ್ನ ಹಾಡ್ತಿದ್ದರು. ಆಲಾಪ ಇನ್ನೂ ಮುಗಿದಿಲ್ಲ, ಸಣ್ಣ ಸ್ವರದಲ್ಲಿ ನಿಂತಿದೆ. ಆಗ ಗುಂಪಿನ ನಡುವಿಂದ ಯಾರೋ ‘ಕಂದೀಸಾ!’ ಅಂತ ಕಿರುಚಿದರು. ನಾಲ್ಕು ಜನ ತಿರುಗಿ ನೋಡಿದರು. ನಾನೂ ತಿರುಗಿ ನೋಡಿದೆ, ಕಿರುಚಿದ್ದು ನಾನಲ್ಲ ಅನ್ನೋ ಹಾಗೆ.

ನಾನೇ.

ಲೆಕ್ಕ ಹಾಕಿ ನೋಡಿ. ಅಶೀಮ್ ಬ್ಯಾಂಡಲ್ಲಿದ್ದಿದ್ದು ಸುಮಾರು ಹತ್ತೊಂಬತ್ತು ವರ್ಷ. ‘ತು ಹೈ’ ಬರೋ ಹೊತ್ತಿಗೆ ಹಿಮಾಂಶು ಸೇರಿ ಒಂದು ಡಜನ್ ವರ್ಷದ ಮೇಲಾಗಿತ್ತು. ಆದರೂ ನಮ್ಮ ಬಾಯಲ್ಲಿ ಅವರು ‘ಹೊಸಬ’. ಮಗ ಹೈಸ್ಕೂಲಿಗೆ ಬಂದರೂ ‘ನಮ್ಮ ಹೊಸ ಸೊಸೆ’ ಅಂತಲೇ ಕರೀತಾರಲ್ಲ ಕೆಲವು ಮನೆಗಳಲ್ಲಿ, ಹಾಗೆ. ಅವಳು ಮಾಡಿದ ಸಾರು ಉಂಡು, ಕೈ ತೊಳೀತಾ, ನಮ್ಮತ್ತೆ ಕೈ ರುಚಿನೇ ಬೇರೆ ಅನ್ನೋದು.

ಹಾಗಾಗಿ ನನ್ನನ್ನ ಕೇಳಬೇಕಿದ್ದ ಪ್ರಶ್ನೆ ಬೇರೆ: ಆ ಮನುಷ್ಯ ಹಾಡಿದ್ದನ್ನ ನೀನು ಯಾವತ್ತು ಕೇಳಿಸಿಕೊಂಡೆ? ಯಾರೂ ಕೇಳಿಲ್ಲ, ನಾನೇ ಹೇಳ್ತೀನಿ. ‘ತು ಹೈ’ ಬಂದು ಮೂರು ತಿಂಗಳಾದ ಮೇಲೆ, ಒಂದು ಭಾನುವಾರ, ಅವರೆಕಾಳು ಹಿತುಕ್ತಾ ಕೂತಿದ್ದಾಗ. ಎರಡು ಕೈಯೂ ಲೋಳೆ, ಫೋನು ಮುಟ್ಟೋ ಹಾಗಿಲ್ಲ, ಹಾಡು ಬದಲಾಯಿಸೋ ಹಾಗಿಲ್ಲ. ‘ಇಸ್ ತನ್ ಧನ್’ ಶುರುವಾಯಿತು. ಕಬೀರನ ಪದ. ಈ ತನುವೇನು, ಈ ಧನವೇನು, ಕಣ್ಣೆದುರೇ ಮಣ್ಣಿಗೆ ಬೀಳತ್ತೆ ಅನ್ನೋದು. ಇದೇ ಬ್ಯಾಂಡಿನ 2003ರ ಆಲ್ಬಮ್ ‘ಝೀನಿ’ಯಲ್ಲೂ ಕಬೀರನೇ ಇದ್ದ, ಅಲ್ಲಿ ದೇಹ ಅಂದರೆ ನಯವಾಗಿ ನೇಯ್ದ ಬಟ್ಟೆ. ಆಗ ಅಶೀಮ್ ಇದ್ದರು. ಇಪ್ಪತ್ತು ವರ್ಷ ಬಿಟ್ಟು ಅದೇ ಬ್ಯಾಂಡು ಅದೇ ಕಬೀರನಿಂದ ಎತ್ತಿಕೊಂಡಿದ್ದು ಮಣ್ಣನ್ನ. ಬೇಕಂತ ಮಾಡಿದರೋ ಇಲ್ಲವೋ, ನನಗೆ ಹಾಗೆ ಕೇಳಿಸಿತು. ಹೋಲಿಸಬೇಕು ಅನ್ನೋದು ಅರ್ಧ ಹಾಡಿನವರೆಗೆ ನೆನಪಿಗೇ ಬರಲಿಲ್ಲ. ಮುಗಿದಾಗ ಮಗಳನ್ನ ಕೂಗಿ, ‘ಅದನ್ನೇ ಇನ್ನೊಂದ್ಸಲ ಹಾಕೇ’ ಅಂದೆ. ಅವರೆಕಾಳು ಮುಗಿಯೋವರೆಗೆ ಅದೇ ಓಡ್ತು.

‘ತು ಹೈ’ನ ಎಲ್ಲ ಹಾಡುಗಳಿಗೂ ಹೀಗೆ ಆಗಿಲ್ಲ. ‘ಜಾದೂ ಮಾಯಾ’ ಈಗಲೂ ನನಗೂ ಅದಕ್ಕೂ ಅಷ್ಟಕ್ಕಷ್ಟೆ. ಇರಲಿ, ‘ಕಂದೀಸಾ’ ಕ್ಯಾಸೆಟ್ಟಲ್ಲೂ ನಾನು ಓಡಿಸಿ ಮುಂದೆ ಹೋಗ್ತಿದ್ದ ಹಾಡೊಂದಿತ್ತು, ಯಾವುದು ಅಂತ ಹೇಳಲ್ಲ, ಹೊಡೀತೀರ.

ಭಾವ, ಅಕ್ಕ ಇದನ್ನ ನಿಮಗೆ ಕಳಿಸೇ ಕಳಿಸ್ತಾಳೆ ಅಂತ ಗೊತ್ತು. ‘ಇಸ್ ತನ್ ಧನ್’ ಕೇಳಿ. ಕಾರಲ್ಲಿ ಬೇಡ. ಮನೇಲಿ ಕೂತು, ಕೈಗೊಂದು ಮೊರದ ತುಂಬ ಅವರೆಕಾಳು ತಗೊಂಡು.