ಆರು ಸ್ಲೀವಿಗೆ ಹನ್ನೊಂದು ಗುಂಟೆ ಪುಡಿ

ಮದ್ದೂರು ಕಡೆಯ ಒಂದು ಪಂಪ್ ರಿಪೇರಿ ಅಂಗಡಿಯಿಂದ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಲೋಹಕ್ಕೆ ಲೇಪ ಹಾಕುವ ಶೆಡ್ಡಿಗೆ ಆರು ಹೊಸ ಶಾಫ್ಟ್ ಸ್ಲೀವ್, ಅಂದರೆ ಪಂಪಿನ ತಿರುಗುವ ದಂಡಕ್ಕೆ ತೊಡಿಸುವ ಕೊಳವೆಯಂಥ ಕವಚ, ಬಂದಿದ್ದವು. ಜೊತೆಗೆ ಮಾದರಿಗೆಂದು ಸವೆದ ಹಳೆಯದೊಂದು. ನಾಲೆಯಿಂದ ಕಬ್ಬಿನ ಗದ್ದೆಗೆ ನೀರೆತ್ತುವ ಸೆಂಟ್ರಿಫ್ಯೂಗಲ್ ಪಂಪಿನವು. ಹೊರ ವ್ಯಾಸ 45 ಮಿ.ಮೀ., ಉದ್ದ 90 ಮಿ.ಮೀ., ಲೋಹ ಇಎನ್8 ದರ್ಜೆಯ ಉಕ್ಕು. ಹಳೆಯದರ ಮೇಲೆ ಗ್ಲಾಂಡ್ ದಾರ (ಶಾಫ್ಟಿನ ಸುತ್ತ ನೀರು ಸೋರದಂತೆ ತುರುಕುವ ಹೆಣೆದ ಹಗ್ಗ) ಕೂರುವ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳು, ಉಂಗುರ ಉಂಗುರವಾಗಿ.

ದಾರ ಮೆತ್ತಗಿರುವ ವಸ್ತು, ಉಕ್ಕನ್ನು ಕೊಯ್ಯುವ ತಾಕತ್ತು ಅದಕ್ಕಿಲ್ಲ. ಕೊಯ್ಯುವುದು ದಾರದೊಳಗೆ ಹೂತು ಕೂತ ಮರಳು. ನಮ್ಮ ಕಡೆಯ ಮರಳು ಗ್ರಾನೈಟ್ ಕಲ್ಲಿನಿಂದ ಬಂದದ್ದು, ಅದರಲ್ಲಿ ಬೆಣಚು ಧಾರಾಳ. ಬೆಣಚಿನ ಗಡಸುತನ ಸುಮಾರು 1100 ವಿಕರ್ಸ್ (ಗಡಸುತನ ಅಳೆಯುವ ಮಾನ), ಇಎನ್8 ಉಕ್ಕಿನದು 200ರ ಆಸುಪಾಸು. ಸವೆತದ ಶಾಸ್ತ್ರದಲ್ಲಿ ಒಂದು ಉಪಯುಕ್ತ ಲೆಕ್ಕವಿದೆ: ಕೊಯ್ಯುವ ಕಣದ ಗಡಸುತನವನ್ನು ಮೇಲ್ಮೈಯ ಗಡಸುತನದಿಂದ ಭಾಗಿಸಿ. ಉತ್ತರ 1.2ಕ್ಕಿಂತ ಮೇಲಿದ್ದರೆ ಕಣ ಸಲೀಸಾಗಿ ಕೊಯ್ಯುತ್ತದೆ, ಕೆಳಗಿಳಿದರೆ ಸವೆತ ಒಮ್ಮೆಲೇ ಕುಸಿಯುತ್ತದೆ. ಇಲ್ಲಿ ಉತ್ತರ ಐದೂವರೆ. ಮೇಲ್ಮೈಯನ್ನು ಸಾವಿರ ವಿಕರ್ಸ್ ಹತ್ತಿರಕ್ಕೆ ತಂದರೆ 1.1. ಆ ದಿನದ ಕೆಲಸವೆಲ್ಲ ಈ ಒಂದು ಭಾಗಾಕಾರಕ್ಕಾಗಿ.

ಗಟ್ಟಿ ಕ್ರೋಮಿಯಂ ಹಾಕಬಹುದಿತ್ತು. ಅದಕ್ಕೆ ವಿಷಕಾರಿ ಹೆಕ್ಸಾವೇಲೆಂಟ್ ಕ್ರೋಮಿಯಂ ತೊಟ್ಟಿ ಬೇಕು, ಅಂಚುಗಳಲ್ಲಿ ದಪ್ಪ ಕೂರುವುದರಿಂದ ಆಮೇಲೆ ಗ್ರೈಂಡಿಂಗ್ ಕೂಡ ಬೇಕು. ಟಂಗ್‌ಸ್ಟನ್ ಕಾರ್ಬೈಡ್ ಸ್ಪ್ರೇ ಇನ್ನೂ ಒಳ್ಳೆಯದು, ಆದರೆ ಅದರ ಖರ್ಚು ಸ್ಲೀವಿನ ಬೆಲೆಯನ್ನೇ ನುಂಗುತ್ತದೆ. ಆರಿಸಿದ್ದು ಎಲೆಕ್ಟ್ರೋಲೆಸ್ ನಿಕ್ಕಲ್, ಅದರೊಳಗೆ 50 ನ್ಯಾನೋಮೀಟರಿನ (ಹತ್ತು ಲಕ್ಷ ನ್ಯಾನೋಮೀಟರಿಗೆ ಒಂದು ಮಿ.ಮೀ.) ಸಿಲಿಕಾನ್ ಕಾರ್ಬೈಡ್ ಪುಡಿ. ಕರೆಂಟ್ ಹರಿಸದೆ, ಹೈಪೋಫಾಸ್ಫೈಟ್ ಎಂಬ ಲವಣದ ಬಲದಿಂದಲೇ ನಿಕ್ಕಲ್ ಕೂರಿಸುವ ಈ ವಿಧಾನವನ್ನು ಅಮೆರಿಕದ ಬ್ರೆನರ್ ಮತ್ತು ರಿಡೆಲ್ 1946ರಲ್ಲಿ ಪ್ರಕಟಿಸಿದರು. ಲೇಪ ಮೂಲೆಯಲ್ಲೂ ಬಯಲಲ್ಲೂ ಒಂದೇ ದಪ್ಪ ಕೂರುತ್ತದೆ. ಹಾಗಾಗಿ ಲೇತ್‌ನವರಿಗೆ ಮೊದಲೇ ಹೇಳಿಬಿಡಬೇಕು: 30 ಮೈಕ್ರಾನ್ (ಸಾವಿರ ಮೈಕ್ರಾನಿಗೆ ಒಂದು ಮಿ.ಮೀ.) ಲೇಪವೆಂದರೆ ವ್ಯಾಸ 60 ಮೈಕ್ರಾನ್ ಹೆಚ್ಚುತ್ತದೆ, ಸ್ಲೀವನ್ನು 44.94ಕ್ಕೆ ಮುಗಿಸಿ ಕಳಿಸಿ. ಲೇತ್ ಗೀರು ಉಳಿದಿದ್ದರೆ ಲೇಪ ಅದನ್ನು ಮುಚ್ಚುವುದಿಲ್ಲ, ಹಾಗೇ ನಕಲು ಮಾಡುತ್ತದೆ. ಸುಲಭವಾಗಿ ಕಡಿಯುತ್ತದೆಂದು ಸೀಸ ಬೆರೆತ ಫ್ರೀ ಕಟಿಂಗ್ ಉಕ್ಕಿನಲ್ಲಿ ಸ್ಲೀವ್ ಮಾಡುವವರೂ ಇದ್ದಾರೆ. ಸೀಸದ ಚುಕ್ಕೆಯ ಮೇಲೆ ನಿಕ್ಕಲ್ ಹಿಡಿಯುವುದಿಲ್ಲ, ಅಲ್ಲೊಂದು ಸೂಜಿಮೊನೆಯ ತೂತು ಉಳಿದು ತುಕ್ಕು ಒಳಗಿಂದ ಏಳುತ್ತದೆ.

ಬೆಳಿಗ್ಗೆಯ ಮೊದಲ ಕೆಲಸ ಪುಡಿಯದು. ಹತ್ತು ಲೀಟರ್ ತೊಟ್ಟಿಗೆ ಲೀಟರಿಗೆ 3 ಗ್ರಾಮಿನಂತೆ 30 ಗ್ರಾಂ. ಒಂದು ಚಿಕ್ಕ ಬಟ್ಟಲಷ್ಟೂ ತೂಕವಿಲ್ಲ. ಆದರೆ 50 ನ್ಯಾನೋಮೀಟರ್ ಕಣದ ಒಂದು ಗ್ರಾಮಿಗೆ ಸುಮಾರು 37 ಚದರ ಮೀಟರ್ ಮೇಲ್ಮೈ ಇರುತ್ತದೆ. ಮೂವತ್ತು ಗ್ರಾಮಿಗೆ 1100 ಚದರ ಮೀಟರ್ ದಾಟುತ್ತದೆ, ಅಂದರೆ ಹನ್ನೊಂದು ಗುಂಟೆ ಜಮೀನು. ಲೇಪ ಕೂರಬೇಕಾದ ಆರು ಸ್ಲೀವಿನ ಹೊರಮೈ ಒಟ್ಟು ಸೇರಿಸಿದರೂ 0.08 ಚದರ ಮೀಟರ್ ಮುಟ್ಟುವುದಿಲ್ಲ. ನ್ಯಾನೋ ಲೇಪದಲ್ಲಿ ಏನೇನು ಕೆಡುತ್ತದೋ ಅದರ ಬಹುಪಾಲು ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಇದೆ. ನಿಕ್ಕಲ್‌ಗೆ ಸ್ಲೀವ್ ಬಿಟ್ಟು ಪುಡಿಯ ಮೇಲೆ ಕೂರುವ ಮನಸ್ಸಾದರೆ ತೊಟ್ಟಿಯೇ ಕಪ್ಪಾಗುತ್ತದೆ. ತೊಟ್ಟಿಯನ್ನು ಹದದಲ್ಲಿಡುವ ಸ್ಟೆಬಿಲೈಸರ್ ಒಂದೆರಡು ಪಿಪಿಎಂ (ಹತ್ತು ಲಕ್ಷದಲ್ಲಿ ಒಂದೆರಡು ಪಾಲು) ಮಾತ್ರ ಇರುವುದು, ಅದನ್ನೂ ಇಷ್ಟು ವಿಸ್ತಾರದ ಮೇಲ್ಮೈ ಹೀರಿಕೊಳ್ಳಬಲ್ಲದು.

ಪುಡಿ ಸುಮ್ಮನಿರಬೇಕಾದರೆ ಅದರ ಮೇಲೆ ಕಬ್ಬಿಣದ ಸುಳಿವಿರಬಾರದು. ಅರೆಯುವಾಗ ಸೇರಿದ ಕಬ್ಬಿಣದ ಪ್ರತಿ ಚೂರೂ ನಿಕ್ಕಲ್‌ಗೆ ಬೀಜ. ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಲಸಿ, ಡಿಅಯಾನೈಸ್ಡ್ (ಲವಣಾಂಶ ತೆಗೆದ) ನೀರಿನಲ್ಲಿ ಪಿಎಚ್ ತಟಸ್ಥವಾಗುವವರೆಗೆ ತೊಳೆಯಬೇಕು. ತೊಳೆದ ಮೇಲೆ ಒಣಗಿಸಬೇಡಿ. ಒಣಗಿದ ನ್ಯಾನೋ ಪುಡಿ ಮತ್ತೆ ಗಂಟುಕಟ್ಟುತ್ತದೆ, ಗಾಳಿಗೂ ಹಾರುತ್ತದೆ. ಡಬ್ಬ ತೆರೆಯುವಾಗ ಫ್ಯಾನ್ ಆಫ್, ಮುಖಕ್ಕೆ ಸರಿಯಾದ ರೆಸ್ಪಿರೇಟರ್. ಕರವಸ್ತ್ರ ಇಲ್ಲಿ ಲೆಕ್ಕಕ್ಕಿಲ್ಲ.

ಒದ್ದೆ ಪುಡಿಯನ್ನು ಅರ್ಧ ಲೀಟರ್ ನೀರಿನಲ್ಲಿ ಹರಡಿ, ಸಿಟಿಎಬಿ ಎಂಬ ಸರ್ಫ್ಯಾಕ್ಟಂಟ್ (ಕಣಗಳು ನೀರಿನಲ್ಲಿ ಬಿಡಿಬಿಡಿಯಾಗಿರಲು ನೆರವಾಗುವ ಸಾಬೂನಿನಂಥ ವಸ್ತು) ಒಂದು ಗ್ರಾಂ ಹಾಕಿದ್ದಾಯಿತು. ತಣ್ಣೀರಿನಲ್ಲಿ ಅದು ಕರಗದೆ ಹರಳಾಗಿ ಉಳಿಯುತ್ತದೆ, 40 ಡಿಗ್ರಿ ನೀರಿನಲ್ಲಿ ಮೊದಲು ಕರಗಿಸಿಕೊಂಡರೆ ಸರಿ. ಆಮೇಲೆ 20 ಕಿಲೋಹರ್ಟ್ಸ್ ಅಲ್ಟ್ರಾಸಾನಿಕ್ ಪ್ರೋಬ್, 5 ಸೆಕೆಂಡ್ ಚಾಲೂ 5 ಸೆಕೆಂಡ್ ಬಂದ್, ಅರ್ಧ ಗಂಟೆ, ಬೀಕರಿನ ಸುತ್ತ ಐಸ್. ಕನ್ನಡಕ ತೊಳೆಯುವ ಅಲ್ಟ್ರಾಸಾನಿಕ್ ಡಬ್ಬದಲ್ಲಿ ಈ ಕೆಲಸ ಆಗುವುದಿಲ್ಲ, ಅದರ ಬಲ ಗಂಟು ಒಡೆಯಲು ಸಾಲದು. ಹೀಗೆ ಹರಡಿದ ಬೂದು ನೀರು ಸಂಜೆಯವರೆಗೆ ಬೀಕರಿನಲ್ಲಿ ತಳ ಹಿಡಿಯದೆ ನಿಲ್ಲುತ್ತದೆ. ಅದನ್ನು ನೋಡಿ ಹಿಗ್ಗಬಾರದು. ಶುದ್ಧ ನೀರಿನಲ್ಲಿ ಕಣಕಣದ ನಡುವೆ ವಿದ್ಯುದಾವೇಶದ ವಿಕರ್ಷಣೆ ಇರುತ್ತದೆ. ಲವಣ ತುಂಬಿದ ತೊಟ್ಟಿಗೆ ಹೋದೊಡನೆ ಆ ರಕ್ಷಣೆ ಕುಗ್ಗಿ ಕಣಗಳು ಮತ್ತೆ ಕೂಡಿಕೊಳ್ಳುತ್ತವೆ. ತೊಟ್ಟಿಯಲ್ಲಿ ಕಲಕುವುದು ನಿಲ್ಲಲೇಬಾರದೆನ್ನುವುದು ಇದಕ್ಕೇ.

ತೊಟ್ಟಿಯ ಪಾಕ ಹೀಗೆ: ಲೀಟರಿಗೆ ನಿಕ್ಕಲ್ ಸಲ್ಫೇಟ್ 27 ಗ್ರಾಂ, ಅದರಲ್ಲಿ ನಿಕ್ಕಲ್ 6 ಗ್ರಾಂ, ಸೋಡಿಯಂ ಹೈಪೋಫಾಸ್ಫೈಟ್ 30 ಗ್ರಾಂ, ನಿಕ್ಕಲನ್ನು ಹಿಡಿದಿಡಲು ಲ್ಯಾಕ್ಟಿಕ್ ಆಮ್ಲ ಮತ್ತು ಸಿಟ್ರೇಟ್, ಪಿಎಚ್ 4.7, ಶಾಖ 88 ಡಿಗ್ರಿ. ಬೋರ್‌ವೆಲ್ ನೀರು ಬೇಡವೇ ಬೇಡ. ಅದರ ಕ್ಯಾಲ್ಸಿಯಂ, ತೊಟ್ಟಿಯಲ್ಲಿ ಹುಟ್ಟುವ ಫಾಸ್ಫೈಟ್ ಜೊತೆ ಸೇರಿ ಬಿಳಿ ಗಸಿ ಇಳಿಸುತ್ತದೆ, ಆ ಗಸಿ ಲೇಪದಲ್ಲಿ ಸೇರಿ ಒರಟಾಗುತ್ತದೆ. ಕಾಯಿಸುವುದು ಹೊರಗಿನ ಬಿಸಿನೀರಿನ ತೊಟ್ಟಿಯಿಂದ. ಹೀಟರ್ ರಾಡ್ ನೇರ ಇಳಿಬಿಟ್ಟರೆ ರಾಡಿನ ಮೇಲೇ ನಿಕ್ಕಲ್ ಬೆಳೆಯುತ್ತದೆ.

ಸ್ಲೀವ್ ತೊಳೆಯುವುದನ್ನು ಹೊಸಬರು ಬೇಗ ಮುಗಿಸಲು ನೋಡುತ್ತಾರೆ. ಲೇಪ ಸಿಪ್ಪೆ ಏಳುವ ಪ್ರಕರಣಗಳಲ್ಲಿ ತಪ್ಪು ಹುಡುಕಬೇಕಾದ ಮೊದಲ ಜಾಗ ಅದೇ. 65 ಡಿಗ್ರಿಯ ಕ್ಷಾರದಲ್ಲಿ ಎಣ್ಣೆ ತೆಗೆದು, ಎರಡು ನಿಮಿಷ ಎಲೆಕ್ಟ್ರೋಕ್ಲೀನ್ ಮಾಡಿ (ಕರೆಂಟ್ ಹರಿಸಿ ಶುಚಿ ಮಾಡುವುದು), ತೊಳೆದು ಎತ್ತಿ ಹಿಡಿದರೆ ನೀರಿನ ಪೊರೆ ಅರ್ಧ ನಿಮಿಷ ಒಡೆಯದೆ ನಿಲ್ಲಬೇಕು. ಎಲ್ಲಾದರೂ ನೀರು ಹನಿಯಾಗಿ ಸರಿದರೆ ಅಲ್ಲಿ ಜಿಡ್ಡಿದೆ, ಹಿಂದಕ್ಕೆ ಹೋಗಿ. ಆಮೇಲೆ ಅರ್ಧದಿಂದ ಒಂದು ನಿಮಿಷ ಆಮ್ಲದ ಅದ್ದು, ತೊಳೆತ, ಒದ್ದೆ ಇರುವಾಗಲೇ ತೊಟ್ಟಿಗೆ. ಫೋನ್ ಬಂತೆಂದು ಸ್ಲೀವನ್ನು ಕೈಯಲ್ಲಿ ಹಿಡಿದು ನಿಂತರೆ ತುಕ್ಕಿನ ಹಳದಿ ಛಾಯೆ ಆಗಲೇ ಬಂದಿರುತ್ತದೆ. ಸ್ಟೇನ್‌ಲೆಸ್ ಸ್ಲೀವಾದರೆ ಇಷ್ಟು ಸಾಲದು. ನಿಕ್ಕಲ್ ಕ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ವುಡ್ಸ್ ಸ್ಟ್ರೈಕ್, ಅಂದರೆ ಹಿಡಿತಕ್ಕಾಗಿ ಕರೆಂಟಿನಿಂದ ಕೂರಿಸುವ ತೆಳು ನಿಕ್ಕಲ್ ಪದರ, ಮೊದಲು ಹಾಕಲೇಬೇಕು.

ಒಳಮೈಗೆ ಸಿಲಿಕೋನ್ ಬೆಣೆ ಜಡಿದು ಆರನ್ನೂ ಇಳಿಬಿಟ್ಟಾಗ ಅರ್ಧ ನಿಮಿಷದೊಳಗೆ ಮೈತುಂಬ ಸಣ್ಣ ಗುಳ್ಳೆ ಎದ್ದವು. ಅದು ಹೈಡ್ರೋಜನ್, ನಿಕ್ಕಲ್ ಕೂರುತ್ತಿದೆ ಎಂಬ ಗುರುತು. ಜೊತೆಗೊಂದು 5×10 ಸೆಂ.ಮೀ. ಉಕ್ಕಿನ ಪಟ್ಟಿ. ಎರಡೂ ಮುಖ ಸೇರಿ ಒಂದು ಚದರ ಡೆಸಿಮೀಟರ್, ಅದರ ತೂಕ 0.79 ಗ್ರಾಂ ಹೆಚ್ಚಿತೆಂದರೆ ಲೇಪ 10 ಮೈಕ್ರಾನ್ ಎಂದರ್ಥ. ಗಂಟೆಗೆ 12ರಿಂದ 15 ಮೈಕ್ರಾನ್ ವೇಗ ಸರಿ. ಮೊದಲ 5 ಮೈಕ್ರಾನ್ ಬರಿ ನಿಕ್ಕಲ್ಲೇ ಕೂರಲಿ. ಶುರುವಿನಲ್ಲೇ ಪುಡಿ ಸುರಿದರೆ ಉಕ್ಕಿನ ಮೈಮೇಲೆ ಮೊದಲು ಕಣ ಕೂತು ಹಿಡಿತ ಸಡಿಲವಾಗುತ್ತದೆ. ಆ ಪದರ ಆದ ಮೇಲೆ ಬೂದು ನೀರನ್ನು ಬಿಸಿ ಮಾಡಿಕೊಂಡು, ಸಣ್ಣ ಧಾರೆಯಲ್ಲಿ, ಕಲಕುವ ರೆಕ್ಕೆಯ ಹತ್ತಿರ ಬಿಡಬೇಕು. ಸ್ಲೀವುಗಳು ನಿಮಿಷಕ್ಕೆ ಒಂದೆರಡು ಸುತ್ತು ತಿರುಗುತ್ತಿರಲಿ. ನಿಂತ ಸ್ಲೀವಿನ ಮೇಲ್ಗಡೆ ಗಂಟುಗಳು ಕೂತು ಮರಳುಕಾಗದದಂತಾಗುತ್ತದೆ.

ಇಲ್ಲಿಂದಾಚೆಗೆ ಕಣ್ಣು ಗುಳ್ಳೆಯ ಮೇಲೆ. ಗುಳ್ಳೆ ಸ್ಲೀವಿನಿಂದ ಮಾತ್ರ ಬರುತ್ತಿದ್ದರೆ ಕ್ಷೇಮ. ತೊಟ್ಟಿಯ ನಡುವಿನಿಂದಲೇ ನೊರೆ ಏಳುತ್ತಿದ್ದರೆ ನಿಕ್ಕಲ್ ಪುಡಿಯ ಮೇಲೆ ಕೂರತೊಡಗಿದೆ. ಆಗ ಯೋಚಿಸುತ್ತ ನಿಲ್ಲುವಂತಿಲ್ಲ. ಸ್ಲೀವ್ ಹೊರಗೆ, ತೊಟ್ಟಿಗೆ ತಣ್ಣನೆಯ ಡಿಅಯಾನೈಸ್ಡ್ ನೀರು, ಶಾಖ 60ಕ್ಕಿಂತ ಕೆಳಗೆ. ತೊಟ್ಟಿಯ ಗೋಡೆಗೆ ಹತ್ತಿದ ನಿಕ್ಕಲನ್ನು ನೈಟ್ರಿಕ್ ಆಮ್ಲದಿಂದ ತೆಗೆಯಬಹುದು, ಆದರೆ ನೈಟ್ರೇಟಿನ ಲವಲೇಶ ಉಳಿದರೂ ಮುಂದಿನ ಪಾಕ ಮಂಕಾಗುತ್ತದೆ. ಪಿಎಚ್ ಇಳಿಯುತ್ತಲೇ ಹೋಗುವುದು ಸಹಜ. ಏರಿಸಲು ಅಮೋನಿಯಾವನ್ನು ಅರ್ಧಕ್ಕರ್ಧ ನೀರು ಬೆರೆಸಿ ಹನಿಹನಿಯಾಗಿ ಹಾಕಬೇಕು. ಒಮ್ಮೆಗೇ ಸುರಿದರೆ ಬಿದ್ದ ಜಾಗದಲ್ಲೇ ಪಾಕ ಒಡೆಯಬಹುದು. ಈ ಹೊರೆಗೆ 30 ಮೈಕ್ರಾನ್ ಕೂರುವಷ್ಟರಲ್ಲಿ ತೊಟ್ಟಿಯ 60 ಗ್ರಾಂ ನಿಕ್ಕಲಿನಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಮುಗಿಯುತ್ತದೆ. ಒಂದು ಗ್ರಾಂ ನಿಕ್ಕಲ್ ಕೂರಲು ಐದು ಗ್ರಾಂ ಹೈಪೋಫಾಸ್ಫೈಟ್ ಖರ್ಚು. ಎರಡನ್ನೂ ಮಧ್ಯೆ ಮಧ್ಯೆ ತುಂಬಬೇಕು.

ಕರೆಂಟ್ ಹೋದರೆ? ಕಲಕುವ ಮೋಟಾರಿಗೆ ಯುಪಿಎಸ್ ಇಟ್ಟುಕೊಳ್ಳುವುದೇ ಬುದ್ಧಿವಂತಿಕೆ. ಶಾಖ 70ಕ್ಕಿಳಿದರೆ ಕೂರುವುದು ಹೆಚ್ಚುಕಡಿಮೆ ನಿಂತುಹೋಗುತ್ತದೆ. ಮತ್ತೆ ಕಾಯಿಸಿ ಹಾಗೇ ಮುಂದುವರಿಸಿದರೆ ಎರಡು ಪದರದ ನಡುವೆ ಹಿಡಿತವಿರುವುದಿಲ್ಲ. ಹೊರತೆಗೆದು, ಆಮ್ಲಕ್ಕೆ ಅದ್ದಿ, ಮತ್ತೆ ಶುರು.

ತೊಟ್ಟಿಯಿಂದ ಬಂದ ಲೇಪದ ಗಡಸುತನ 500-550 ವಿಕರ್ಸ್. ಸಾವಿರದ ಹತ್ತಿರ ಹೋಗಲು 400 ಡಿಗ್ರಿಯಲ್ಲಿ ಒಂದು ಗಂಟೆ ಬೇಯಬೇಕು. ಆಗ ಲೇಪದೊಳಗಿನ ರಂಜಕ ನಿಕ್ಕಲ್ ಫಾಸ್ಫೈಡ್ ಹರಳಾಗುತ್ತದೆ. ಜೊತೆಗೇ ಲೇಪ ಕುಗ್ಗಿ ಕೂದಲೆಳೆಯ ಬಿರುಕು ಬರುವ ಸಂಭವವಿದೆ, ತುಕ್ಕು ತಡೆಯುವ ಗುಣ ಇಳಿಯುತ್ತದೆ. ನೀರಿನಲ್ಲೇ ಇರುವ ಸ್ಲೀವಾದ್ದರಿಂದ 320 ಡಿಗ್ರಿಯಲ್ಲಿ ಎಂಟು ಗಂಟೆಯ ನಿಧಾನದ ಹಾದಿ ಹಿಡಿದದ್ದು. ಗಡಸುತನ ಅಳೆಯುವಾಗ ಭಾರ 100 ಗ್ರಾಂ ಮೀರಬಾರದು. ಆ ಭಾರದಲ್ಲಿ ವಜ್ರದ ಮೊನೆ ಸಾವಿರ ವಿಕರ್ಸ್ ಲೇಪದೊಳಗೆ 2 ಮೈಕ್ರಾನ್ ಇಳಿಯುತ್ತದೆ. ಒಂದು ಕಿಲೋ ಇಟ್ಟರೆ 6 ಮೈಕ್ರಾನ್ ದಾಟಿ, ಕೆಳಗಿನ ಮೆತ್ತನೆ ಉಕ್ಕೂ ಅಳತೆಯೊಳಗೆ ಸೇರಿಕೊಳ್ಳುತ್ತದೆ.

ಹಾಗಾದರೆ ನ್ಯಾನೋ ಪುಡಿ ಮಾಡಿದ್ದೇನು? ಗಡಸುತನದ ದೊಡ್ಡ ಪಾಲು ಕುಲುಮೆಯದ್ದೇ, ಪುಡಿಯದ್ದಲ್ಲ. ಪುಡಿ ಮಾರುವವರು ಇದನ್ನು ಹೇಳುವುದಿಲ್ಲ. ಎರಡು ಮೂರು ಮೈಕ್ರಾನಿನ ಸಿಲಿಕಾನ್ ಕಾರ್ಬೈಡ್ ಹಾಕಿದರೂ ಲೇಪ ಸವೆತ ತಡೆಯುತ್ತದೆ, ಆದರೆ ಹೊರಚಾಚಿದ ಕಣಗಳು ಗ್ಲಾಂಡ್ ದಾರವನ್ನು ತಿಂದುಹಾಕುತ್ತವೆ. ನ್ಯಾನೋ ಕಣ ಲೇಪಕ್ಕೆ ಬಲ ಕೊಟ್ಟೂ ಮೈ ನುಣುಪಾಗಿ ಬಿಡುತ್ತದೆ, ನನ್ನ ಮಟ್ಟಿಗೆ ಈ ಸ್ಲೀವಿನಲ್ಲಿ ಅದರ ಬೆಲೆ ಅಷ್ಟೇ, ಅದು ಕಡಿಮೆಯೂ ಅಲ್ಲ. ಗಂಟುಕಟ್ಟಿದ ನ್ಯಾನೋ ಪುಡಿ ಮಾತ್ರ ಪುಡಿಯೇ ಇಲ್ಲದ ಲೇಪಕ್ಕಿಂತ ಕಡೆ: ಗಂಟಿನೊಳಗೆ ನಿಕ್ಕಲ್ ತುಂಬಿರುವುದಿಲ್ಲ, ಕಿತ್ತು ಬಂದರೆ ಅದೇ ದಾರದಲ್ಲಿ ಕೂತು ಕೊಯ್ಯುತ್ತದೆ. ನ್ಯಾನೋ ಎಂದರೆ ಹೊಸ ಮಾಯೆಯೂ ಅಲ್ಲ. ಟೈರಿನ ರಬ್ಬರ್ ರಸ್ತೆಯಲ್ಲಿ ಬಾಳುವುದು ಕೆಲವು ಹತ್ತು ನ್ಯಾನೋಮೀಟರಿನ ಕಾರ್ಬನ್ ಬ್ಲ್ಯಾಕ್ ಕಣಗಳಿಂದಲೇ, ಅಲ್ಲೂ ಅರ್ಧ ವಿದ್ಯೆ ಬೆರೆಸುವುದರಲ್ಲಿದೆ.

ಎಲ್ಲ ಪಂಪಿಗೂ ಇದು ಮದ್ದಲ್ಲ. ದಪ್ಪ ಮರಳೆಳೆಯುವ ಬೋರ್‌ವೆಲ್ ಪಂಪಿನಲ್ಲಿ ತಿರುಗಿ ನೀರು ತಳ್ಳುವ ಇಂಪೆಲ್ಲರ್‌ಗೆ 30 ಮೈಕ್ರಾನ್ ಲೇಪ ಹಾಕಿಸುವುದು ಕೆಸರಿನ ಮೇಲೆ ಹೆಂಚು ಹಾಸಿದ ಹಾಗೆ. ಕಾಲು ಮಿಲಿಮೀಟರಿನ ಕಣ ಗುದ್ದಿದಾಗ ಕೆಳಗಿನ ಲೋಹ ತಗ್ಗಿ ಮೇಲಿನ ಲೇಪ ಒಡೆಯುತ್ತದೆ. ಆಲೆಮನೆಯ ಗಾಣದ ರೋಲಿಗೆ ಹಾಕಿಕೊಡಿ ಎಂದರೂ ಬೇಡವೆನ್ನಬೇಕು. ಕುಡಿಯುವ ರಸಕ್ಕೆ ನಿಕ್ಕಲ್ ಮತ್ತು ನ್ಯಾನೋ ಪುಡಿ ತಾಗುವ ಕಡೆ ಇದರ ಕೆಲಸವಿಲ್ಲ. ಮುಗಿದ ಪಾಕವನ್ನು ಚರಂಡಿಗೆ ಬಿಡುವ ಮಾತೂ ಬೇಡ, ಹೆಬ್ಬಾಳ ಕೆರೆ ಇಲ್ಲೇ ಇದೆ. ಸುಣ್ಣ ಹಾಕಿದರೆ ನಿಕ್ಕಲ್ ಇಳಿಯುತ್ತದೆಂಬ ನಂಬಿಕೆ ಈ ಪಾಕಕ್ಕೆ ನಡೆಯದು, ಸಿಟ್ರೇಟ್ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಡ್ರಮ್ಮಿಗೆ ತುಂಬಿ ಅಪಾಯಕಾರಿ ತ್ಯಾಜ್ಯ ಸಂಸ್ಕರಿಸುವ ಪರವಾನಗಿ ಇರುವವರಿಗೇ ಕೊಡಬೇಕು.

ಸ್ಲೀವ್ ಕಟ್ಟಿ ಕಳಿಸುವಾಗ ಅಂಗಡಿಯವರಿಗೆ ಚೀಟಿಯಲ್ಲಿ ಬರೆದದ್ದು ಇಷ್ಟು: ಹಳೆಯ ಗ್ಲಾಂಡ್ ದಾರ ಒಂದೆಳೆಯೂ ಉಳಿಯಬಾರದು, ಅದರೊಳಗೆ ಹಳೆಯ ಮರಳಿದೆ. ಸ್ಲೀವಿಗೆ ಸುತ್ತಿಗೆ ಏಟು ಬೇಡ, ಬಿಗಿಯಿದ್ದರೆ ಒಳಮೈಯನ್ನು ಉಜ್ಜಿಕೊಳ್ಳಿ. ಗ್ಲಾಂಡ್ ನಟ್ ಬಿಗಿದು ನೀರು ಪೂರ್ತಿ ನಿಲ್ಲಿಸಬೇಡಿ, ನಿಮಿಷಕ್ಕೆ 40ರಿಂದ 60 ಹನಿ ತೊಟ್ಟಿಕ್ಕಲಿ. ಒಣಗಿದ ದಾರದ ಕೆಳಗೆ ಸ್ಲೀವ್ ಕಾದರೆ ಯಾವ ಲೇಪವೂ ತಡೆಯುವುದಿಲ್ಲ.