ಬುಸ್ಸು, ಕುಪ್ಪು, ರುಸ್ಟು

ಇಂಗ್ಲೆಂಡಿನ ಶೆಫೀಲ್ಡಿಗೆ ಬಂದಿಳಿದ ಎರಡನೇ ದಿನ ಮೂಲೆ ಅಂಗಡಿಯಲ್ಲಿ ಹಾಲಿನ ಡಬ್ಬ ಹಿಡಿದು ಕೌಂಟರಿಗೆ ಹೋದೆ. ಅಲ್ಲಿದ್ದ ಅಜ್ಜಿ "ಯೋರೈಟ್, ಲುವ್?" ಅಂದರು. ಮೂರು ಸಲ ಹೇಳಿಸಿಕೊಂಡ ಮೇಲೆ ಅದು "ಆರ್ ಯೂ ಆಲ್‌ರೈಟ್, ಲವ್" ಅಂತ ಗೊತ್ತಾಯಿತು. ಗೊತ್ತಾದ ಮೇಲೆ ಇನ್ನೊಂದು ಎಡವಟ್ಟು. ನನ್ನ ಮುಖ ನೋಡಿ ಹುಷಾರಿಲ್ಲ ಅಂದುಕೊಂಡರೇನೋ ಅಂತ, ವಿಮಾನದಲ್ಲಿ ನಿದ್ದೆ ಬರಲಿಲ್ಲ, ಬೆಳಗ್ಗೆಯಿಂದ ತಲೆನೋವು, ಅಂತೆಲ್ಲ ವರದಿ ಒಪ್ಪಿಸಿದೆ. ನನ್ನ ಹಿಂದೆ ಕ್ಯೂನಲ್ಲಿ ಐದು ಜನ. ನಮ್ಮ ಕಡೆ "ಊಟ ಆಯ್ತಾ?" ಅಂದರೆ ಯಾರೂ ಸಾರು ಪಲ್ಯದ ಪಟ್ಟಿ ಕೊಡಲ್ಲ ಅಲ್ವಾ. ಇದೂ ಅಷ್ಟೇ ಅಂತ ತಿಳಿಯಲು ಒಂದು ವಾರ ಬೇಕಾಯಿತು.

ಇದು 2018ರ ಜುಲೈ. ನಾನು ಹೋಗಿದ್ದು ಮೆಟೀರಿಯಲ್ಸ್ ಸೈನ್ಸ್‌ನಲ್ಲಿ ಎಂಎಸ್ಸಿ ಮಾಡಲು. ಪಾಠ ಶುರುವಾಗುವುದು ಸೆಪ್ಟೆಂಬರ್ ಕೊನೆಗೆ. ಅದಕ್ಕೂ ಮುಂಚೆ ಆರು ವಾರ ಯೂನಿವರ್ಸಿಟಿಯಲ್ಲೇ ಇಂಗ್ಲಿಷ್ ಕೋರ್ಸ್. ಪ್ರೀ-ಸೆಶನಲ್ ಅಂತಾರೆ. ಕೊನೆಗೆ ಒಂದು ಲಿಸನಿಂಗ್ ಪರೀಕ್ಷೆ. ಅದರಲ್ಲಿ ನೂರಕ್ಕೆ 60 ಬರದಿದ್ದರೆ ಸೀಟು ಇಲ್ಲ, ವಾಪಸ್ ತಿಪಟೂರು.

ಈ ಗತಿ ಯಾಕೆ ಬಂತು ಅಂದರೆ ಅದಕ್ಕೆ ಬೆಂಗಳೂರಿನಲ್ಲಿ ಬರೆದ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಕಾರಣ. ಒಟ್ಟು 6.5 ಬಂದಿತ್ತು. ಅಷ್ಟೇ ಬೇಕಿದ್ದದ್ದು. ಆದರೆ ನಾಲ್ಕೂ ವಿಭಾಗದಲ್ಲಿ ಕನಿಷ್ಠ 6 ಇರಬೇಕು ಅನ್ನುವುದು ಯೂನಿವರ್ಸಿಟಿಯ ನಿಯಮ. ಓದುವುದರಲ್ಲಿ 7, ಕೇಳುವುದರಲ್ಲಿ 5.5. ಲಿಸನಿಂಗ್‌ನಲ್ಲಿ 40 ಪ್ರಶ್ನೆ, ರೆಕಾರ್ಡಿಂಗ್ ಸುಮಾರು ಅರ್ಧ ಗಂಟೆ, ಒಂದೇ ಸಲ ಹಾಕುತ್ತಾರೆ. 23 ಸರಿ ಇದ್ದರೆ ಸುಮಾರಾಗಿ 6 ಬರುತ್ತದೆ, 30 ಸರಿ ಇದ್ದರೆ 7. ಮೊದಲ ಭಾಗದಲ್ಲೇ "ಅಕಾಮಡೇಷನ್" ಅಂತ ಒಂದು ಉತ್ತರ. ಸ್ಪೆಲಿಂಗ್ ತಪ್ಪಾದರೆ ಅಂಕ ಇಲ್ಲ. ಎರಡು ಸಿ ಸರಿ, ಎಂ ಒಂದಾ ಎರಡಾ? ಬರೆದೆ, ಹೊಡೆದೆ, ಮತ್ತೆ ಬರೆದೆ. ತಲೆ ಎತ್ತುವಷ್ಟರಲ್ಲಿ ರೆಕಾರ್ಡಿಂಗಿನ ಹೆಂಗಸು ಬಾಡಿಗೆ, ಫೋನ್ ನಂಬರ್, ಬರುವ ದಿನ ಎಲ್ಲಾ ಹೇಳಿ ಮುಗಿಸಿ ಥ್ಯಾಂಕ್ಯೂ ಅನ್ನುತ್ತಿದ್ದಳು. ಎರಡು ಎಂ ಪುಣ್ಯಕ್ಕೆ ಮೂರು ಉತ್ತರ ಹೋಯಿತು.

ಕೋರ್ಸಿನ ಮೊದಲ ವಾರ ಒಂದು ವಿಷಯ ನನ್ನನ್ನು ಬಹಳ ಕೆಣಕಿತು. ಕ್ಲಾಸಿನಲ್ಲಿ ಐದು ನಿಮಿಷದ ರೆಕಾರ್ಡಿಂಗ್ ಹಾಕಿದರು. ನನಗೆ ಅಲ್ಲೊಂದು ಇಲ್ಲೊಂದು ಪದ ಸಿಕ್ಕಿತು. ಆಮೇಲೆ ಅದನ್ನೇ ಅಚ್ಚು ಹಾಕಿ ಕೊಟ್ಟರು. ಓದಿದರೆ ಗೊತ್ತಿಲ್ಲದ ಪದ ಒಂದೂ ಇಲ್ಲ! ಎಲ್ಲಾ ಹೈಸ್ಕೂಲ್ ಇಂಗ್ಲಿಷು. ಅಂದರೆ ತೊಂದರೆ ಪದಗಳದ್ದಲ್ಲ, ವ್ಯಾಕರಣದ್ದೂ ಅಲ್ಲ. ನಾನು ಇಂಗ್ಲಿಷನ್ನು ಕಣ್ಣಿನಲ್ಲಿ ಕಲಿತವನು. ಎಸ್ಸೆಸ್ಸೆಲ್ಸಿವರೆಗೆ ಸರ್ಕಾರಿ ಕನ್ನಡ ಶಾಲೆ. ಪಿಯುಸಿಗೆ ಬಂದ ಮೇಲೆ ಟೆಕ್ಸ್ಟ್ ಬುಕ್ ಉರು ಹೊಡೆದು ಇಂಗ್ಲಿಷ್ ಕಲಿತದ್ದು. ಕನ್ನಡದವನಿಗೆ ಬರೆದದ್ದೇ ಉಚ್ಚಾರ. ಅಕ್ಷರ ಇದ್ದರೆ ಸದ್ದು ಇರಲೇಬೇಕು. ನನ್ನ ಕಿವಿ ಪ್ರತಿ ಅಕ್ಷರಕ್ಕೂ ಹಾಜರಿ ಕರೆಯುತ್ತಾ ಕೂತಿತ್ತು. ಅವರ ಬಾಯಲ್ಲಿ ಅರ್ಧ ಅಕ್ಷರಗಳು ಗೈರುಹಾಜರಿ.

ಅವತ್ತು ರಾತ್ರಿ ಒಂದು ಕೆಲಸ ಮಾಡಿದೆ. ಬಿಬಿಸಿಯಲ್ಲಿ ಇಂಗ್ಲಿಷ್ ಕಲಿಯುವವರಿಗೆ ಅಂತಲೇ ಆರು ನಿಮಿಷದ ಕಾರ್ಯಕ್ರಮ ಬರುತ್ತದೆ. ಅದರಲ್ಲಿ ಅರ್ಧ ನಿಮಿಷ ಕೇಳಿ, ನಿಲ್ಲಿಸಿ, ಕೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬರೆದೆ. ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಕೈ ತಾನಾಗಿಯೇ ಸ್ಪೆಲಿಂಗ್ ತಿದ್ದಿಬಿಡುತ್ತದೆ. ಕನ್ನಡದಲ್ಲಿ ಆ ಮೋಸ ನಡೆಯಲ್ಲ, ಕಿವಿಗೆ ಬಿದ್ದದ್ದೇ ಹಾಳೆಗೆ ಬರುತ್ತದೆ. "ವಾಟ್ ಡು ಯು ವಾಂಟ್ ಟು ಡು" ಅನ್ನುವುದು ನನ್ನ ಪುಸ್ತಕದಲ್ಲಿ "ವೊಜವೊನಡೂ" ಅಂತ ಬಂತು. ಮೊದಲು ನಗು ಬಂತು. ಆಮೇಲೆ ಊರಿಗೆ ಫೋನ್ ಮಾಡಿದಾಗ ಅಮ್ಮ "ಏನ್ಮಾಡ್ತಿದೀಯಪ್ಪ" ಅಂದಳು. ಅದನ್ನೂ ಬರೆದುಕೊಂಡೆ. ಬಿಡಿಸಿ ಬರೆದರೆ ಏನು, ಮಾಡುತ್ತಾ, ಇದ್ದೀಯ, ಅಪ್ಪ. ಕನ್ನಡ ಕಲಿಯಲು ಬಂದ ಒಬ್ಬ ಇಂಗ್ಲಿಷಿನವನಿಗೆ ಅಮ್ಮನ ಈ ಒಂದು ಮಾತು ಸಾಕು, ಕಣ್ಣೀರು ಹಾಕಲು.

ಆ ಪುಸ್ತಕ ಕೋರ್ಸ್ ಮುಗಿಯುವಷ್ಟರಲ್ಲಿ ತುಂಬಿಹೋಯಿತು. ಅದರಿಂದ ಕಲಿತದ್ದರಲ್ಲಿ ಒಂದೆರಡು ಹೇಳುತ್ತೇನೆ. "ಬನಾನ" ಪದವನ್ನು ನಾವು ಮೂರು ಅಕ್ಷರಕ್ಕೂ ಸಮನಾಗಿ ಮರ್ಯಾದೆ ಕೊಟ್ಟು ಹೇಳುತ್ತೇವೆ. ಅವರು ನಡುವಿನ "ನಾ" ಒಂದನ್ನೇ ಗಟ್ಟಿಯಾಗಿ ಹೇಳಿ ಉಳಿದೆರಡನ್ನು ನುಂಗುತ್ತಾರೆ. ಹೆಚ್ಚಿನ ಉದ್ದ ಪದಗಳಿಗೂ ಹೀಗೇ. ಹಾಗಾಗಿ ಗಟ್ಟಿ ಸದ್ದು ಎಲ್ಲಿ ಬಿತ್ತು ಅಂತ ಹಿಡಿದರೆ ಪದ ಸಿಕ್ಕಿತು ಅಂತಲೇ ಲೆಕ್ಕ. ಇನ್ನೊಂದು, "ಕ್ಯಾನ್" ಮತ್ತು "ಕಾಂಟ್". "ಐ ಕ್ಯಾನ್ ಗೋ" ಅನ್ನುವಾಗ ಆ ಕ್ಯಾನ್ ಬರೀ "ಕ್ನ್" ಆಗಿರುತ್ತದೆ, ಉಸಿರಿನಷ್ಟು. "ಐ ಕಾಂಟ್ ಗೋ" ಅನ್ನುವಾಗ ಕೊನೆಯ ಟಕಾರ ಬಿದ್ದುಹೋಗಿ "ಕಾನ್" ಮಾತ್ರ ಉಳಿಯುತ್ತದೆ, ಆದರೆ ಸ್ಪಷ್ಟವಾಗಿ. ಟಕಾರಕ್ಕೆ ಕಾದು ಕೂತ ನಾನು ಆಗಲ್ಲ ಅಂದದ್ದನ್ನೆಲ್ಲ ಆಗುತ್ತೆ ಅಂತ ಬರೆಯುತ್ತಿದ್ದೆ.

ಇದರ ಮೇಲೆ ಶೆಫೀಲ್ಡ್ ಇರುವ ಯಾರ್ಕ್‌ಷೈರ್ ಬೇರೆ. ಆ ಸೀಮೆಯಲ್ಲಿ ಬಸ್ಸು "ಬುಸ್ಸು", ಕಪ್ಪು "ಕುಪ್ಪು", ಲವ್ "ಲುವ್". ಬಸ್ ಸ್ಟಾಪಿನಲ್ಲಿ ಯಾರಾದರೂ "ಬುಸ್" ಅಂದಾಗಲೆಲ್ಲ ನನಗೆ ಹಾವಿನ ನೆನಪು. ಅಂಗಡಿ ಒಂಬತ್ತರಿಂದ ಐದರವರೆಗೆ ಅನ್ನಲು ಕೆಲವರು "ನೈನ್ ವೈಲ್ ಫೈವ್" ಅಂತಾರೆ. ಬನ್ನಿಗೆ "ಬ್ರೆಡ್‌ಕೇಕ್" ಅಂತಾರೆ, ಕೇಕ್ ಅಂದುಕೊಂಡು ತಗೊಂಡರೆ ಸಿಹಿ ಇರಲ್ಲ. ಒಂದು ಮಾತ್ರ ನನಗೆ ಮೊದಲ ದಿನದಿಂದ ಸಲೀಸು. ಅಲ್ಲಿನ ಹಳಬರಿಗೆ ಹಕಾರ ಬರಲ್ಲ. ಹೌಸ್ ಅಂದರೆ "ಔಸ್". ಹಾಲನ್ನು ಆಲು, ಹಸುವನ್ನು ಅಸು ಅನ್ನುವ ಊರಿನಿಂದ ಬಂದವನಿಗೆ ಇದೇನು ಮಹಾ!

ಮೂರನೇ ವಾರದ ಅಭ್ಯಾಸ ಪರೀಕ್ಷೆಯ ಪಾಠ ಸ್ಟೇನ್‌ಲೆಸ್ ಸ್ಟೀಲ್ ಬಗ್ಗೆ. ಶೆಫೀಲ್ಡ್ ಉಕ್ಕಿನ ಊರು. ಅಲ್ಲಿನ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಕೆ ಬೇಗ ಸವೆಯದ ಹಾಗೆ ಮಾಡಲು ಉಕ್ಕಿಗೆ ಕ್ರೋಮಿಯಂ ಬೆರೆಸಿ ನೋಡುತ್ತಿದ್ದವನು, ಕೊನೆಗೆ ಸುಮಾರು 12.8 ಶೇಕಡಾ ಕ್ರೋಮಿಯಂ ಇದ್ದ ತುಂಡು ತುಕ್ಕು ಹಿಡಿಯುವುದಿಲ್ಲ ಅಂತ ಕಂಡುಕೊಂಡ. ಊರಿನ ಚಾಕು ತಯಾರಕರಿಗೆ ಅದು ಬೇಕಾಗಿದ್ದ ಲೋಹ. ನಮ್ಮ ಮನೆಯ ಸ್ಟೀಲ್ ತಟ್ಟೆ ಲೋಟದ ಮುತ್ತಜ್ಜನ ಕತೆ ಇದು ಅನ್ನಿ. ನಾನು ಅಷ್ಟು ದೂರದಿಂದ ಓದಲು ಬಂದ ವಿಷಯವೂ ಅದೇ.

ಆದರೆ ಪಾಠ ಓದಿದವರು ಪಕ್ಕಾ ಶೆಫೀಲ್ಡಿನವರು. "ರುಸ್ಟ್, ರುಸ್ಟ್" ಅಂತ ಹತ್ತು ಸಲ ಅಂದರು. ನಾನು ಯಾವುದೋ ಹೊಸ ರಾಸಾಯನಿಕ ಇರಬೇಕು ಅಂತ ಬರೆದುಕೊಳ್ಳುತ್ತಾ ಹೋದೆ. ತುಕ್ಕು ಅಂತ ಹೊಳೆಯಲೇ ಇಲ್ಲ. ಇಸವಿ ಕೇಳಿದ ಪ್ರಶ್ನೆಗೆ 1930 ಅಂತ ಬರೆದೆ. ಸರಿ ಉತ್ತರ 1913. ಥರ್ಟೀನ್ ಮತ್ತು ಥರ್ಟಿ, ಕೊನೆಯ "ನ್" ಕೇಳಿಸದಿದ್ದರೆ ಮುಗಿಯಿತು. ಥರ್ಟೀನ್ ಅನ್ನುವಾಗ ಸಾಮಾನ್ಯವಾಗಿ ಒತ್ತು ಕೊನೆಗೆ ಬೀಳುತ್ತದೆ, ಥರ್ಟಿಗೆ ಮೊದಲಿಗೆ. ಇದು ಆಮೇಲೆ ಕಲಿತದ್ದು. ಉತ್ತರ ಪತ್ರಿಕೆ ವಾಪಸ್ ಕೊಡುವಾಗ ಟೀಚರ್ ಒಂದು ಸಾಲಿನ ಕೆಳಗೆ ಗೆರೆ ಎಳೆದಿದ್ದರು. ನನ್ನದೇ ನೋಟ್ಸ್, ನನ್ನದೇ ಕೈಬರಹ: ಮುಂದಿನ ವರ್ಷ ಮೊದಲ ಮಹಾಯುದ್ಧ ಶುರು.

ಮಹಾಯುದ್ಧ ಶುರುವಾದದ್ದು 1914 ಅಂತ ಏಳನೇ ಕ್ಲಾಸಿನಿಂದ ಗೊತ್ತು. ಕಿವಿ ಕೈಕೊಟ್ಟರೂ ತಲೆ ಉಪಯೋಗಿಸಿದ್ದರೆ ಅಂಕ ಬರುತ್ತಿತ್ತು. ತಲೆ ಎಲ್ಲಿತ್ತು? "ರುಸ್ಟ್" ಅಂದರೇನು ಅಂತ ಯೋಚಿಸುತ್ತಿತ್ತು.

ಅದೇ ಹೊತ್ತಿಗೆ ಭಾರತ ತಂಡ ಇಂಗ್ಲೆಂಡಿಗೆ ಬಂದಿತ್ತು. ಆಗಸ್ಟ್ 2ರಂದು ಎಜ್‌ಬಾಸ್ಟನ್‌ನಲ್ಲಿ ಕೊಹ್ಲಿ 149 ಹೊಡೆದ ದಿನ ನಾನು ರೂಮಿನಲ್ಲಿ ಬಟ್ಟೆ ಮಡಚುತ್ತಾ ಬಿಬಿಸಿ ರೇಡಿಯೋದ ಟೆಸ್ಟ್ ಮ್ಯಾಚ್ ಸ್ಪೆಷಲ್ ಕೇಳುತ್ತಿದ್ದೆ. 1957ರಿಂದ ನಡೆಯುತ್ತಿರುವ ಕಾರ್ಯಕ್ರಮ. ಒಂದು ಗಂಟೆ ಒಂದು ಪದವೂ ತಪ್ಪಲಿಲ್ಲ. ಎಷ್ಟು ಖುಷಿ ಅಂದರೆ, ಅಬ್ಬಾ ಕಿವಿ ಬಂತು ಅಂದುಕೊಂಡೆ. ಆಮೇಲೆ ಓವರ್ ಮಧ್ಯೆ ಕಾಮೆಂಟರಿಯವರು ಯಾರೋ ಕಳಿಸಿದ ಕೇಕ್ ಬಗ್ಗೆ ಮಾತಾಡಲು ಶುರು ಮಾಡಿದರು. ಅವರಿಗೆ ಕೇಕ್ ಅಂದರೆ ಪ್ರಾಣ. ಅದೇ ಜನ, ಅದೇ ಧ್ವನಿ, ಅದೇ ವೇಗ. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಬಾಲ್ ಬಿದ್ದ ತಕ್ಷಣ ಮತ್ತೆ ಎಲ್ಲಾ ಸ್ಪಷ್ಟ.

ಆಗ ಅಪ್ಪ ನೆನಪಾದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ತೋಟದ ಪಂಪ್‌ಸೆಟ್ ಮನೆಯಲ್ಲಿ ಟ್ರಾನ್ಸಿಸ್ಟರ್ ಇಟ್ಟುಕೊಂಡು ಕಾಮೆಂಟರಿ ಕೇಳುತ್ತಿದ್ದರು. "ಎಲ್‌ಬಿಡಬ್ಲ್ಯೂ ಕೊಟ್ಬಿಟ್ಟ ಕಣೋ" ಅಂತ ನಮಗಿಂತ ಮೊದಲು ಅವರೇ ಹೇಳುತ್ತಿದ್ದರು. ಮುಂದೆ ಏನು ಬರಬಹುದು ಅಂತ ಗೊತ್ತಿದ್ದವನಿಗೆ ಮಾತು ಅರ್ಧ ಕೇಳಿಸಿದರೂ ಸಾಕು. ಕ್ಲಾಸಿನ ಕೆಲವು ಅಭ್ಯಾಸಗಳಲ್ಲಿ ಪ್ರಶ್ನೆ ಪತ್ರಿಕೆ ಓದಲು ಮೊದಲೇ ಅರ್ಧ ನಿಮಿಷ ಕೊಡುತ್ತಿದ್ದರಲ್ಲ, ನಾನು ಅದನ್ನು ಸುಮ್ನೆ ಪೆನ್ನು ಕುಟ್ಟುತ್ತಾ ಕಳೆಯುತ್ತಿದ್ದೆ. ಅವತ್ತಿನಿಂದ ಬಿಟ್ಟ ಜಾಗದಲ್ಲಿ ಬರುವುದು ಇಸವಿಯೋ, ಊರೋ, ಕಾರಣವೋ ಅಂತ ಪಕ್ಕದಲ್ಲಿ ಚಿಕ್ಕದಾಗಿ ಗುರುತು ಮಾಡಲು ಶುರು ಮಾಡಿದೆ. ಮತ್ತೆ, ಕ್ರಿಕೆಟ್ ಕೇಳಿ ಇಂಗ್ಲಿಷ್ ಬರುತ್ತೆ ಅನ್ನುವವರಿಗೆ ನನ್ನದೊಂದು ಮಾತು: ಕೇಕ್ ಬಂದಾಗ ಕೇಳಿ. ಸಬ್‌ಟೈಟಲ್ ಹಾಕಿಕೊಂಡು ಸಿನಿಮಾ ನೋಡುವುದೂ ನನ್ನ ಪ್ರಕಾರ ದಂಡ. ಅದು ಕಣ್ಣಿನ ಅಭ್ಯಾಸ, ಕಿವಿಯದ್ದಲ್ಲ.

ಕೊನೆಯ ಎರಡು ವಾರ ನೋಟ್ಸ್ ಅಭ್ಯಾಸ. ನಮ್ಮ ಕೋರ್ಸಿನ ಕೊನೆಯ ಪರೀಕ್ಷೆಯಲ್ಲಿ ಮಾತ್ರ ಪಾಠ ಪೂರ್ತಿ ಕೇಳಿ ನೋಟ್ಸ್ ಮಾಡಿಕೊಳ್ಳಬೇಕು, ಪ್ರಶ್ನೆ ಕೊಡುವುದೇ ಆಮೇಲೆ. ಇಲ್ಲಿ ನನಗೆ ಸಹಾಯಕ್ಕೆ ಬಂದದ್ದು ಊರ ರಾಮನವಮಿಯ ಹರಿಕಥೆ. ದಾಸರು ಕತೆ ಬಿಟ್ಟು ಎಲ್ಲೆಲ್ಲೋ ಹೋಗಿ, ಜನರನ್ನು ನಗಿಸಿ, "ಅದಿರಲಿ" ಅಂತ ವಾಪಸ್ ಬರುತ್ತಾರಲ್ಲ. ಪ್ರೊಫೆಸರುಗಳೂ ಹಾಗೇ. "ಎನಿವೇ" ಅಂದರೆ ಅದಿರಲಿ, ಪೆನ್ನು ಎತ್ತು. "ಹ್ಯಾವಿಂಗ್ ಸೆಡ್ ದಟ್" ಅಂದರೆ ಈಗ ಹೇಳಿದ್ದಕ್ಕೆ ಉಲ್ಟಾ ಹೇಳಲಿದ್ದಾರೆ. ಉಪಕಥೆ ಶುರುವಾದರೆ ನಾನು ಬರೆಯುವುದು ನಿಲ್ಲಿಸಿ ಕೈ ಕೊಡವಿಕೊಳ್ಳುತ್ತಿದ್ದೆ. ನೋಟ್ಸ್ ಇಂಗ್ಲಿಷಿನಲ್ಲೇ ಇರಬೇಕು ಅಂತೇನೂ ಇರಲಿಲ್ಲ. ಹೆಚ್ಚಾಯಿತು ಅನ್ನಲು "ಹೆ", ಕಡಿಮೆಗೆ "ಕ", ಕಾರಣಕ್ಕೆ "ಕಾ". ಪಕ್ಕದಲ್ಲಿ ಕೂರುತ್ತಿದ್ದ ಚೀನಾದ ಹುಡುಗಿ ಒಂದೇ ಅಕ್ಷರದಲ್ಲಿ ಇಡೀ ಪದ ಬರೆದು ಮುಗಿಸುತ್ತಿದ್ದಳು. ಅಲ್ಲಿ ಮಾತ್ರ ಸ್ವಲ್ಪ ಹೊಟ್ಟೆಕಿಚ್ಚು.

ಪರೀಕ್ಷೆ ದಿನದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಎರಡು ಪಾಠ. ಒಂದು ಸಮುದ್ರದ ನೀರನ್ನು ಸಿಹಿ ಮಾಡುವ ಬಗ್ಗೆ, ಇನ್ನೊಂದು ವಯಸ್ಸಾದವರ ನಿದ್ದೆ ಬಗ್ಗೆ. ಎರಡನೆಯದರಲ್ಲಿ ಒಂದು ಉತ್ತರ ತಪ್ಪಿತು. ತಪ್ಪಿದ್ದು ಗೊತ್ತಾಯಿತು, ಒಂದು ಅಡ್ಡಗೆರೆ ಎಳೆದು ಮುಂದಕ್ಕೆ ಹೋದೆ. ಬೆಂಗಳೂರಿನಲ್ಲಿ ಹಾಗೆ ಮಾಡಿದ್ದರೆ ಶೆಫೀಲ್ಡಿನ ಆ ಆರು ವಾರದ ಫೀಸು ಉಳಿಯುತ್ತಿತ್ತು. 64 ಬಂತು.

ಸೆಪ್ಟೆಂಬರ್ ಕೊನೆಗೆ ನಿಜವಾದ ಪಾಠ ಶುರು. ಬ್ರಿಟಿಷ್ ಉಚ್ಚಾರಕ್ಕೆ ಕಿವಿ ಸಾಣೆ ಹಿಡಿದುಕೊಂಡು ಮೊದಲ ಸಾಲಿನಲ್ಲಿ ಕೂತೆ. ಬಂದ ಪ್ರೊಫೆಸರ್ ಗ್ರೀಸ್ ದೇಶದವರು. ರಕಾರವನ್ನು ನಮ್ಮ ಹಾಗೇ ಉರುಳಿಸಿ, ಸ್ವರ ಒಂದೂ ನುಂಗದೆ, ಬರೆದದ್ದನ್ನು ಬರೆದ ಹಾಗೇ ಹೇಳುತ್ತಿದ್ದರು. ತಿಪಟೂರಿನ ಫಿಸಿಕ್ಸ್ ಮೇಷ್ಟ್ರ ಪಾಠ ಕೇಳಿದ ಹಾಗಾಯಿತು. ಹತ್ತು ನಿಮಿಷ ಆಗಿರಬಹುದು, ಪಕ್ಕದಲ್ಲಿದ್ದ ಲಂಡನ್ ಹುಡುಗ ನನ್ನ ಕಡೆ ಬಗ್ಗಿ ಪಿಸುಗುಟ್ಟಿದ.

"ವೊಡೀಸೇ?"

ಏನಂದರು ಅಂತ ಅವನಿಗೆ ಹೇಳಿದೆ.